ಮೂರು ಸೀಸನ್, ಎರಡು ಫಿಲ್ಟರ್, ಒಂದು ಹಸಿರು ಸಮುದ್ರ

ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವ್ ಮಾಡಿ ನೀರೊಳಗೆ ತೆಗೆದ ಮೊದಲ ವಿಡಿಯೊ ನೋಡಿ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಇದೇನ್ರೀ, ಮೀನೆಲ್ಲ ಸಾರಿನಲ್ಲಿ ಈಜ್ತಾ ಇವೆ?"

ಬೇಜಾರಾಯಿತು. ಆದರೆ ನಿಜ. ಹನ್ನೆರಡು ಮೀಟರ್ ಆಳದಲ್ಲಿ ಕಂಡ ಗಿಳಿಮೀನು, ಬಂಡೆ, ನೀರು, ಎಲ್ಲಕ್ಕೂ ಅದೇ ಕೊಳಕು ಹಳದಿ ಬಣ್ಣ. ನೀರೊಳಗೆ ಬಣ್ಣ ಸರಿಯಾಗಿ ಬರಲಿ ಅಂತ ಕ್ಯಾಮೆರಾ ಮುಂದೆ ಸಿಕ್ಕಿಸಲು ಒಂಬೈನೂರು ರೂಪಾಯಿ ಕೊಟ್ಟು ತರಿಸಿದ ಕೆಂಪು ಫಿಲ್ಟರ್‌ನ ಪ್ರತಾಪ ಅದು.

ವಿಡಿಯೊಗಳಲ್ಲಿ ಎಲ್ಲರೂ ಕೆಂಪು ಫಿಲ್ಟರನ್ನೇ ಹೊಗಳುತ್ತಾರೆ. ಅವರು ಇಳಿಯುವುದು ಅಂಡಮಾನ್, ಮಾಲ್ಡೀವ್ಸ್ ಕಡೆಯ ನೀಲಿ ನೀರಿಗೆ. ಮುರುಡೇಶ್ವರದಿಂದ ಬೋಟು ಹತ್ತಿ ಹೋಗುವ ನಮ್ಮಂಥವರಿಗೆ ಹೆಚ್ಚಿನ ದಿನ ಸಿಗುವುದು ಪ್ಲಾಂಕ್ಟನ್ ತುಂಬಿದ ಹಸಿರು ನೀರು. ಅದಕ್ಕೆ ಬೇಕಾದದ್ದು ಮೆಜೆಂಟಾ, ಅಂದರೆ ನೇರಳೆ ಮಿಶ್ರಿತ ಗುಲಾಬಿ ಬಣ್ಣದ ಫಿಲ್ಟರ್. ಅದು ಹಸಿರನ್ನು ತಡೆದು ಕೆಂಪು, ನೀಲಿ ಎರಡನ್ನೂ ಒಳಗೆ ಬಿಡುತ್ತದೆ. ಇಷ್ಟು ಮಾತು ಪ್ಯಾಕೆಟ್ ಮೇಲೆ ಅಚ್ಚಾಗಿದ್ದಿದ್ದರೆ ನನ್ನ ಒಂದು ಸೀಸನ್ ಉಳಿಯುತ್ತಿತ್ತು.

ಎರಡನೇ ವರ್ಷ ಸಾವಿರದ ಏಳುನೂರು ಕೊಟ್ಟು ಮೆಜೆಂಟಾ ತಗೊಂಡೆ. ಪ್ಲಾಸ್ಟಿಕ್ ಚೂರಿಗೆ ಇಷ್ಟಾ ಅಂತ ಗೊಣಗಿದ್ದೂ ಹೌದು. ಆದರೆ ಒಂದು ಬಂಡೆಯ ಅಡಿಗೆ ಕಿತ್ತಳೆ ಬಣ್ಣದ ಪುಟ್ಟ ಬಟ್ಟಲುಗಳ ಥರದ ಹವಳ ಇದೆ. ನೀರೊಳಗೆ ನನ್ನ ಕಣ್ಣಿಗೇ ಅದು ಮಾಸಲು ಕಂದು ಕಾಣುತ್ತಿತ್ತು. ರೂಮಿಗೆ ಬಂದು ಲ್ಯಾಪ್‌ಟಾಪ್‌ಗೆ ಹಾಕಿದರೆ, ಕಿತ್ತಳೆ! ಅದೇ ಮೂವತ್ತು ಸೆಕೆಂಡನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಒಂದು ವಿಷಯ ತಿಳಿದಿರಲಿ. ಫಿಲ್ಟರ್ ಬಣ್ಣವನ್ನು ಹುಟ್ಟಿಸುವುದಿಲ್ಲ. ಮೊದಲ ಐದಾರು ಮೀಟರಿನಲ್ಲೇ ನೀರು ಕೆಂಪಿನ ಬಹುಪಾಲು ನುಂಗಿರುತ್ತದೆ. ಉಳಿದ ಚೂರುಪಾರು ಎದ್ದು ಕಾಣಲಿ ಅಂತ ಫಿಲ್ಟರ್ ಮಿಕ್ಕ ಬಣ್ಣಗಳನ್ನು ತಗ್ಗಿಸುತ್ತದೆ, ಅಷ್ಟೇ. ಹಾಗಾಗಿ ಬೆಳಕೂ ತಗ್ಗುತ್ತದೆ. ಮೋಡ ಕವಿದ ದಿನ ವಿಡಿಯೊ ತುಂಬಾ ರವೆ ಚೆಲ್ಲಿದಂತೆ ಕಾಳು ಕಾಳು. ಹದಿನೆಂಟು ಇಪ್ಪತ್ತು ಮೀಟರ್ ದಾಟಿದರೆ ಎದ್ದು ಕಾಣಿಸಲು ಏನೂ ಉಳಿದಿರುವುದಿಲ್ಲ. ಅಲ್ಲಿ ಟಾರ್ಚೇ ಗತಿ. ಟಾರ್ಚ್ ಹಾಕಿದಾಗ ಫಿಲ್ಟರ್ ತೆಗೆಯಲೇಬೇಕು, ಇಲ್ಲವಾದರೆ ಹತ್ತಿರದ ಮೀನಿನ ಮುಖಕ್ಕೆ ರಂಗು ಬಳಿದ ಹಾಗಾಗುತ್ತದೆ. ವೈಟ್ ಬ್ಯಾಲೆನ್ಸನ್ನು, ಅಂದರೆ ಕ್ಯಾಮೆರಾ ಬಣ್ಣ ತಿದ್ದುವ ಸೆಟ್ಟಿಂಗನ್ನು, ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ತಾನೂ ತಿದ್ದಲು ಹೋಗಿ ಬಣ್ಣ ಕ್ಷಣಕ್ಕೊಂದು. ನಾನು 5500 ಕೆಲ್ವಿನ್‌ಗೆ ಕಟ್ಟಿಹಾಕಿದ್ದೇನೆ.

ಇನ್ನು ನನ್ನ ಸಿಟ್ಟಿನ ವಿಷಯ. ಇದರ ಕ್ಲಿಪ್.

ಬೋಟಿನ ಮೇಲೇ ಹಾಕಿಕೊಂಡು ಧುಮುಕಿದರೆ ಫಿಲ್ಟರ್‌ಗೂ ಕ್ಯಾಮೆರಾದ ಗಾಜಿಗೂ ನಡುವೆ ಒಂದು ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಕಾಳುಮೆಣಸಿನಷ್ಟು ಗುಳ್ಳೆ. ಇಡೀ ಡೈವ್ ಚೌಕಟ್ಟಿನ ಮೂಲೆಯಲ್ಲಿ ಕೂತು ಕುಣಿಯುತ್ತದೆ. ಅದಕ್ಕೇ ನೀರೊಳಗೆ ಹೋದ ಮೇಲೇ ಹಾಕಬೇಕು. ಗ್ಲೌಸ್ ಹಾಕಿದ ಕೈಗೆ ಆ ಕ್ಲಿಪ್ ಬಗ್ಗುವುದೇ ಇಲ್ಲ. ಆದರೆ ಅಲೆ ಬಡಿದರೆ ತಾನಾಗಿ ಕಳಚಿಕೊಳ್ಳುತ್ತದೆ! ಜೊತೆಗೆ ಬಂದ ದಾರ ಎರಡನೇ ದಿನವೇ ಕಿತ್ತುಹೋಯಿತು. ಈಗ ಮೀನು ಹಿಡಿಯುವ ನೈಲಾನ್ ದಾರ ಕಟ್ಟಿದ್ದೇನೆ.

ಮೇಲೆ ಬರುವಾಗ ಇನ್ನೊಂದು ಕಷ್ಟ. ದೇಹದಲ್ಲಿ ಸೇರಿದ ನೈಟ್ರೋಜನ್ ಹೊರಹೋಗಲಿ ಅಂತ ಐದು ಮೀಟರಿನಲ್ಲಿ ಮೂರು ನಿಮಿಷ ಸೇಫ್ಟಿ ಸ್ಟಾಪ್ ನಿಲ್ಲುತ್ತೇವಲ್ವಾ, ಅಷ್ಟರಲ್ಲಿ ಫಿಲ್ಟರ್ ಬಿಚ್ಚಬೇಕು. ಮರೆತರೆ ಅಲ್ಲಿಂದ ಮೇಲಕ್ಕೆ ಎಲ್ಲವೂ ಗುಲಾಬಿ. ಜೊತೆಗೆ ಇಳಿದ ಡೈವರ್ ಮುಖ, ಬೋಟಿನ ತಳ, ಏಣಿ, ಎಲ್ಲ. ನಾನು ಮರೆಯುವವನೇ.

ಇಷ್ಟೆಲ್ಲ ಬೈದರೂ ಸಂಜೆ ಅದನ್ನು ತೊಳೆಯುವುದು ಮಾತ್ರ ಖುಷಿಯ ಕೆಲಸ. ಲಾಡ್ಜಿನ ಬಕೆಟ್ಟಿನ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕುತ್ತೇನೆ. ಕಾಫಿ ಕುಡಿದು ಬಂದು, ಅಂಚಿನಲ್ಲಿ ಕೂತ ಉಪ್ಪನ್ನು ಹೆಬ್ಬೆರಳಿನಿಂದ ತೀಡಿ, ಹಳೇ ಪಂಚೆಯ ತುಂಡಿನಿಂದ ಒತ್ತಿ ಒರೆಸಿ, ಅಪ್ಪನ ಕನ್ನಡಕದ ಡಬ್ಬಿಯಲ್ಲಿಡುತ್ತೇನೆ. ಉಜ್ಜಬೇಡಿ, ಗೀರು ಬೀಳುತ್ತದೆ.

ಈಗ ಬೋಟು ಲಂಗರು ಹಾಕಿದ ತಕ್ಷಣ ನೆರಳಿರುವ ಬದಿಗೆ ಹೋಗಿ ನೀರನ್ನು ಬಗ್ಗಿ ನೋಡುತ್ತೇನೆ. ಬೋಟಿನ ಹುಡುಗರು "ಸಾರ್, ಏನು ಬಿತ್ತು?" ಅಂತ ನಗುತ್ತಾರೆ. ಏನೂ ಬಿದ್ದಿಲ್ಲ, ಬಣ್ಣ ನೋಡುತ್ತಿದ್ದೇನೆ.

ವರ್ಷಕ್ಕೊಮ್ಮೆ ಅಂಡಮಾನಿಗೆ ಹೋಗುವವರು ಕೆಂಪು ತಗೊಳ್ಳಿ. ನಮ್ಮ ಕಡೆಯೇ ಇಳಿಯುವುದಾದರೆ ಮೆಜೆಂಟಾ. ಕ್ಲಿಪ್ಪಿಗಾಗಿ ಒಂದು ಸ್ಟಾರ್ ಕಡಿಮೆ.

ಆ ಕೆಂಪು ಫಿಲ್ಟರನ್ನು ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಹೊರಟಿದ್ದ ಅಕ್ಕನ ಮಗನಿಗೆ ಕೊಟ್ಟೆ. ಅವನ ವಿಡಿಯೊ ನೋಡಿ ಹೊಟ್ಟೆ ಉರಿಯಿತು, ಅಷ್ಟು ಚೆನ್ನಾಗಿದೆ. ಕಳೆದ ಫೆಬ್ರವರಿಯಲ್ಲಿ ನೇತ್ರಾಣಿಯ ನೀರೂ ಎರಡು ದಿನ ಅಪ್ಪಟ ನೀಲಿಯಾಗಿತ್ತು, ನನ್ನ ಕೈಯಲ್ಲಿ ಮೆಜೆಂಟಾ ಒಂದೇ. ವಾಪಸ್ ಕೇಳೋಣ ಅಂದರೆ, "ಇದು ದಂಡ, ನೀನೇ ಇಟ್ಕೋ" ಅಂತ ಕೊಟ್ಟವನು ನಾನೇ.