ಅನೇಕ್ ಕನ್ನಡ: ಹಿಗ್ಗಲೂ ಕುಗ್ಗಲೂ ಬಲ್ಲ ಅಕ್ಷರ

ಧಾರವಾಡದಲ್ಲಿ ಪುಸ್ತಕದ ಮುಖಪುಟ, ನಾಟಕದ ಪೋಸ್ಟರ್, ಕರೆಯೋಲೆ, ವಿಚಾರಸಂಕಿರಣದ ಬ್ಯಾನರ್ ಮಾಡಿಕೊಡುವುದು ನನ್ನ ಉದ್ಯೋಗ. ಈ ಕೆಲಸದಲ್ಲಿ ಬಣ್ಣವಾಗಲಿ ಚಿತ್ರವಾಗಲಿ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಜಾಗ. ಕನ್ನಡದ ಪದಗಳು ಉದ್ದ, ಸಮಾಸವಾದರಂತೂ ಇನ್ನೂ ಉದ್ದ. ನಡುವೆ ಮುರಿಯಲು ಬರುವುದಿಲ್ಲ, ಮುರಿದರೆ ಅಂದ ಕೆಡುತ್ತದೆ. ಕೆಳಗೆ ಒತ್ತಕ್ಷರ, ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು ಮತ್ತು ದೀರ್ಘ. ಇವೆಲ್ಲಕ್ಕೂ ಒಂದೊಂದಿಷ್ಟು ಜಾಗ ಬೇಕು. ಈ ತೊಡಕನ್ನು ನೇರವಾಗಿ ಕೈಗೆತ್ತಿಕೊಂಡು ಬಿಡಿಸಿದ ಫಾಂಟ್ ಎಂದು ನಾನು ಮನಸಾರೆ ಹೇಳಬಲ್ಲದ್ದು 'ಅನೇಕ್ ಕನ್ನಡ'. ಮುಂಬೈಯ 'ಏಕ್ ಟೈಪ್' ಸಂಸ್ಥೆ 2022ರಲ್ಲಿ ಹೊರತಂದದ್ದು. ಕನ್ನಡ ಲಿಪಿಯ ವಿನ್ಯಾಸ ವೈಷ್ಣವಿ ಮೂರ್ತಿ ಅವರದು. ಗೂಗಲ್ ಫಾಂಟ್ಸ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ನಮ್ಮ ಊರುಗಳ ಫ್ಲೆಕ್ಸ್ ಬ್ಯಾನರ್‌ಗಳನ್ನು ಒಮ್ಮೆ ಗಮನವಿಟ್ಟು ನೋಡಿ. 'ಹಾರ್ದಿಕ ಅಭಿನಂದನೆಗಳು' ಎಂಬ ಸಾಲು ಚೌಕಟ್ಟಿಗೆ ಹಿಡಿಸದಿದ್ದಾಗ ಏನು ಮಾಡಿರುತ್ತಾರೆ? ಮೌಸ್‌ನಿಂದ ಅಂಚು ಹಿಡಿದು ಎಡಬಲದಿಂದ ಒತ್ತಿರುತ್ತಾರೆ. ನೂರು ಪಾಲು ಅಗಲವಿದ್ದ ಅಕ್ಷರ ಎಪ್ಪತ್ತೈದು ಪಾಲಾಗುತ್ತದೆ. ಹಾಗೆ ಒತ್ತಿದಾಗ ನಿಂತ ಗೆರೆಗಳು ಕಾಲು ಪಾಲು ತೆಳುವಾಗುತ್ತವೆ, ಮಲಗಿದ ಗೆರೆಗಳು ಮೊದಲಿನಷ್ಟೇ ದಪ್ಪವಾಗಿ ಉಳಿಯುತ್ತವೆ. ತಲಕಟ್ಟು ಭಾರವಾಗಿ ಕಾಣುತ್ತದೆ, ಅಕ್ಷರದ ಪಕ್ಕೆಗಳು ಸೊರಗುತ್ತವೆ. ಗುಂಡಗಿನ 'ರ', 'ಠ' ಮೊಟ್ಟೆಯಾಕಾರಕ್ಕೆ ತಿರುಗುತ್ತವೆ. ಕಾರಣ ಗೊತ್ತಿಲ್ಲದವರ ಕಣ್ಣಿಗೂ ಎಲ್ಲೋ ಏನೋ ತಪ್ಪಿದೆ ಎನ್ನಿಸುತ್ತದೆ. ಬೀದಿಬೀದಿಯಲ್ಲಿ ಕನ್ನಡಕ್ಕೆ ಹೀಗಾಗುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಅನೇಕ್ ಇದೇ ಕೆಲಸವನ್ನು ಬೇರೆ ಲೆಕ್ಕದಲ್ಲಿ ಮಾಡುತ್ತದೆ. ಇದು ವೇರಿಯಬಲ್ ಫಾಂಟ್. ವಿನ್ಯಾಸಕರು ಅತಿ ತೆಳು, ಅತಿ ದಪ್ಪ, ಅತಿ ಇಕ್ಕಟ್ಟು, ಅತಿ ಅಗಲ ಎಂಬ ತುದಿಯ ರೂಪಗಳನ್ನು ಕೈಯಾರೆ ಬರೆದಿರುತ್ತಾರೆ. ಒಂದು ಅಕ್ಷರದ ಹೊರಗೆರೆಯ ಮೇಲೆ ಎಷ್ಟು ಬಿಂದುಗಳಿವೆಯೋ ಅಷ್ಟೇ ಬಿಂದುಗಳು, ಅದೇ ಕ್ರಮದಲ್ಲಿ, ಉಳಿದ ತುದಿರೂಪಗಳಲ್ಲಿಯೂ ಇರಬೇಕು. ಆಗ ಪ್ರತಿಯೊಂದು ಬಿಂದುವೂ ಒಂದು ತುದಿಯಿಂದ ಇನ್ನೊಂದಕ್ಕೆ ಎಷ್ಟು ಸರಿಯುತ್ತದೆ ಎಂಬ ಅಂಕಿ ಫಾಂಟ್‌ನೊಳಗೆ ಉಳಿಯುತ್ತದೆ. ನೀವು ಸ್ಲೈಡರ್ ಎಳೆದಂತೆ ಕಂಪ್ಯೂಟರ್ ಆ ಅಂಕಿಗಳನ್ನು ಕೂಡಿಸಿ ಕಳೆದು ನಡುವಿನ ರೂಪವನ್ನು ಆ ಕ್ಷಣಕ್ಕೆ ಕಟ್ಟಿಕೊಡುತ್ತದೆ. ದಪ್ಪದ ಅಂಕಿ 100ರಿಂದ (ಅತಿ ತೆಳು) 800ರವರೆಗೆ (ಅತಿ ದಪ್ಪ) ಹೋಗುತ್ತದೆ, ಅಗಲದ್ದು 75ರಿಂದ 125ರವರೆಗೆ; ಸಹಜ ಅಗಲ 100. ಹೆಸರಿಟ್ಟ ಶೈಲಿಗಳನ್ನಷ್ಟೇ ಎಣಿಸಿದರೂ ಎಂಟು ದಪ್ಪ, ಐದು ಅಗಲ, ಒಟ್ಟು ನಲವತ್ತು. ನಡುವಿನವನ್ನು ಎಣಿಸಿ ಮುಗಿಸಲಾಗದು. ಇಷ್ಟೂ ಒಂದೇ ಕಡತದಲ್ಲಿ ಅಡಗಿವೆ.

ಅಕ್ಷರವನ್ನು ಲೆಕ್ಕದಿಂದ ಬರೆಯಿಸುವ ಹಂಬಲ ಹಳೆಯದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1977ರಲ್ಲಿ ತಮ್ಮ ಪುಸ್ತಕವೊಂದರ ಹೊಸ ಆವೃತ್ತಿಯ ಕರಡಚ್ಚು ನೋಡಿ, ಅಕ್ಷರಗಳ ಅಂದಗೇಡಿತನಕ್ಕೆ ಬೇಸತ್ತು, ಪುಟಜೋಡಣೆಗೆ ಟೆಕ್ ಮತ್ತು ಅಕ್ಷರಕ್ಕೆ ಮೆಟಾಫಾಂಟ್ ಎಂಬ ಎರಡು ತಂತ್ರಾಂಶಗಳನ್ನು ಕಟ್ಟಲು ಕುಳಿತರು. ಮೆಟಾಫಾಂಟ್‌ನಲ್ಲಿ ಅಕ್ಷರವೆಂದರೆ ಸಮೀಕರಣಗಳ ಗುಚ್ಛ. ಒಂದು ಅಂಕಿ ಬದಲಿಸಿದರೆ ಇಡೀ ಅಕ್ಷರಮಾಲೆ ದಪ್ಪವಾಗುತ್ತದೆ, ಇನ್ನೊಂದು ಬದಲಿಸಿದರೆ ವಾಲುತ್ತದೆ. ಆದರೆ ಅಕ್ಷರ ಬರೆಯುವ ಕಲಾವಿದರಲ್ಲಿ ಹೆಚ್ಚಿನವರು ಸಮೀಕರಣದಲ್ಲಿ ಯೋಚಿಸುವುದಿಲ್ಲ, ಗೆರೆಯಲ್ಲಿ ಯೋಚಿಸುತ್ತಾರೆ. ಅಡೋಬಿ, ಆಪಲ್, ಗೂಗಲ್ ಮತ್ತು ಮೈಕ್ರೋಸಾಫ್ಟ್ 2016ರ ಸೆಪ್ಟೆಂಬರ್‌ನಲ್ಲಿ ಒಟ್ಟಾಗಿ ಪ್ರಕಟಿಸಿದ ವೇರಿಯಬಲ್ ಫಾಂಟ್ ವಿಧಾನ ಈ ಕಾರಣಕ್ಕೇ ನನಗೆ ಇಷ್ಟ. ಇದರಲ್ಲಿ ಗೆರೆ ಎಳೆಯುವುದು ಕೈಯ ಪಾಲಿಗೆ, ನಡುವಿನ ದಾರಿ ತುಂಬುವುದು ಲೆಕ್ಕದ ಪಾಲಿಗೆ.

ಒಂದು ಪದವನ್ನು ಹತ್ತಿರದಿಂದ ನೋಡೋಣ. ಶಾಲೆಯೊಂದರ ಬ್ಯಾನರ್‌ಗೆ 'ಸ್ವಾತಂತ್ರ್ಯೋತ್ಸವ' ಎಂದು ಬರೆಯಬೇಕಿತ್ತು. ಪದದಲ್ಲಿ ಐದು ಅಕ್ಷರ, ಅವುಗಳ ಕೆಳಗೆ ನಾಲ್ಕು ಒತ್ತು. 'ತ್ರ್ಯೋ' ಒಂದರಲ್ಲೇ ಮೇಲೆ ಎತ್ವ, ಕೆಳಗೆ ರ ಒತ್ತು ಮತ್ತು ಯ ಒತ್ತು, ಪಕ್ಕದಲ್ಲಿ ಕೊಂಬು, ಅದರಾಚೆ ದೀರ್ಘ. ಅಗಲ 100ರಲ್ಲಿ ಇಟ್ಟಾಗ ಪದ ಚೌಕಟ್ಟಿನಿಂದ ಹೊರಗೆ ಚಾಚಿತು. ನಿಧಾನವಾಗಿ 75ರ ಕಡೆಗೆ ಎಳೆಯುತ್ತ ಬಂದೆ. ಅಕ್ಷರಗಳು ಎದ್ದು ನೆಟ್ಟಗೆ ನಿಂತುಕೊಂಡವು. 'ತ'ದ ಮೈ ಎತ್ತರವಾಗಿ ಕಾಣಿಸಿತು, 'ವ'ದ ಗುಂಡು ಕ್ಯಾಪ್ಸೂಲ್ ಮಾತ್ರೆಯಂತೆ ನೀಳವಾಯಿತು. ಗೆರೆಯ ದಪ್ಪ ಮಾತ್ರ ಹದ ತಪ್ಪಲಿಲ್ಲ. ಒತ್ತುಗಳೂ ತಮ್ಮ ಅಕ್ಷರದ ಜೊತೆಗೇ ಕಿರಿದಾದವು. ಯ ಒತ್ತು ಪಕ್ಕದ ಅಕ್ಷರದ ಸ ಒತ್ತಿಗೆ ತಾಗದೆ ತನ್ನ ಪಾಡಿಗೆ ನಿಂತಿತು. ಅಂಚು ಹಿಡಿದು ಒತ್ತಿದ ಅಕ್ಷರದ ಪಕ್ಕ ಇದನ್ನು ಇಟ್ಟು ಮುಖ್ಯೋಪಾಧ್ಯಾಯಿನಿಯವರಿಗೆ ತೋರಿಸಿದೆ. "ಇದರಲ್ಲಿ ಉಸಿರಾಡಲು ಜಾಗ ಇದೆ ನೋಡ್ರಿ" ಎಂದರು. ಅವರಿಗೆ ಫಾಂಟ್ ವಿಚಾರ ಏನೂ ತಿಳಿದಿರಲಿಲ್ಲ.

ದಪ್ಪದ ಕಡೆಯಲ್ಲಿ ನಾನು ಮೊದಲು ನೋಡುವುದು ಮಹಾಪ್ರಾಣಗಳನ್ನು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ: ಇವುಗಳ ನಡುವಿನ ವ್ಯತ್ಯಾಸವೆಲ್ಲ ಕೆಳಗಿನ ಒಂದು ಪುಟ್ಟ ಸೀಳಿನಲ್ಲಿದೆ. ಗೆರೆ ದಪ್ಪವಾದಂತೆ ಆ ಸೀಳು ಮುಚ್ಚಿಕೊಳ್ಳಲು ಹವಣಿಸುತ್ತದೆ. ಮುಚ್ಚಿಕೊಂಡರೆ ನಮ್ಮ ಧಾರವಾಡ 'ದಾರವಾಡ' ಆಗಿಬಿಡುತ್ತದೆ. ಅನೇಕ್‌ನ 800ರಲ್ಲಿಯೂ ಪೋಸ್ಟರ್ ಗಾತ್ರದಲ್ಲಿ ಸೀಳು ಸ್ಪಷ್ಟವಾಗಿ ಕಾಣುತ್ತದೆ. ಆ ಜಾಗದಲ್ಲಿ ವಿನ್ಯಾಸಕಿ ಗೆರೆಯನ್ನು ಬೇಕೆಂದೇ ಹಗುರ ಮಾಡಿರುವುದು ಹಿಗ್ಗಿಸಿ ನೋಡಿದವರಿಗೆ ತಿಳಿಯುತ್ತದೆ. ಇಂಥ ನಿರ್ಧಾರಗಳನ್ನು ಯಂತ್ರ ತಾನಾಗಿ ಮಾಡುವುದಿಲ್ಲ. ಆದರೆ ವಿಸಿಟಿಂಗ್ ಕಾರ್ಡಿನ ಎಂಟು ಪಾಯಿಂಟ್ ಗಾತ್ರದಲ್ಲಿ, ಅದೂ ಇಕ್ಕಟ್ಟು ರೂಪದಲ್ಲಿ, ಇಷ್ಟು ದಪ್ಪ ಬಳಸಬೇಡಿ. ಶಾಯಿ ಹರಡಿ ಆ ಸೀಳು ಮಸುಕಾಗುತ್ತದೆ. ಅಲ್ಲಿಗೆ 500 ಅಥವಾ 600 ಸಾಕು. ಇನ್ನೊಂದು ತುದಿಯ 100 ಪರದೆಯ ಮೇಲೆ ಬಲು ಚೆಂದ. ಪುಸ್ತಕದ ಕಾಗದದ ಮೇಲೆ ಚಿಕ್ಕ ಗಾತ್ರದಲ್ಲಿ ಅಚ್ಚಾದರೆ ಗೆರೆ ಅಲ್ಲಲ್ಲಿ ಮಾಯವಾಗುತ್ತದೆ.

ಗಡಿಭಾಗದವರಿಗೆ ಇದರ ಇನ್ನೊಂದು ಉಪಯೋಗವಿದೆ. ಅನೇಕ್ ಕುಟುಂಬದಲ್ಲಿ ಒಂಬತ್ತು ಭಾರತೀಯ ಲಿಪಿಗಳಿವೆ, ಜೊತೆಗೆ ಇಂಗ್ಲಿಷಿನ ಲಿಪಿ. ಬೆಳಗಾವಿಯಿಂದ ಬರುವ ಕರೆಯೋಲೆಗಳಲ್ಲಿ ಕನ್ನಡವೂ ಮರಾಠಿಯೂ ಒಂದೇ ಪುಟದಲ್ಲಿ ಕೂಡಬೇಕು. ಬೇರೆ ಬೇರೆ ಮನೆಯ ಫಾಂಟ್‌ಗಳನ್ನು ಜೋಡಿಸಿದರೆ ಒಂದು ಜೋರಾಗಿ ಮಾತನಾಡುತ್ತದೆ, ಇನ್ನೊಂದು ಪಿಸುಗುಡುತ್ತದೆ. ಇಲ್ಲಿ ಎರಡಕ್ಕೂ ಒಂದೇ ದಪ್ಪ, ಒಂದೇ ಅಗಲದ ಅಂಕಿ ಕೊಟ್ಟರೆ ಸಾಲುಗಳು ಸಮತೂಕದಲ್ಲಿ ನಿಲ್ಲುತ್ತವೆ. ಹಾಗಿದ್ದರೂ ದೇವನಾಗರಿಯ ಶಿರೋರೇಖೆ ಕನ್ನಡದ ತಲಕಟ್ಟಿನ ಮೇಲೆ ಸವಾರಿ ಮಾಡುವುದಿಲ್ಲ. ಎರಡೂ ತಂತಮ್ಮ ಗುಣ ಉಳಿಸಿಕೊಂಡಿವೆ.

ಬಳಸುವವರಿಗೆ ಕೆಲವು ಮಾತು. ಕನ್ನಡ ಅಕ್ಷರ ಸರಿಯಾಗಿ ಕೂಡುವುದು ಫಾಂಟ್ ಒಂದರಿಂದಲೇ ಅಲ್ಲ. 'ಸ್ತ್ರೀ' ಎಂದು ಟೈಪ್ ಮಾಡಿದರೆ ಕಂಪ್ಯೂಟರಿನಲ್ಲಿ ಉಳಿಯುವುದು ಆರು ಸಂಕೇತಗಳು: ಸ, ವಿರಾಮ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ತ, ವಿರಾಮ, ರ, ದೀರ್ಘ ಈಕಾರದ ಚಿಹ್ನೆ. ಇವನ್ನು ಓದಿ, ಫಾಂಟ್‌ನೊಳಗಿನ ನಿಯಮಗಳನ್ನು ನೋಡಿ, ಒತ್ತನ್ನು ಕೆಳಗೆ ಕೂರಿಸುವ ಎಂಜಿನ್ ಬೇರೆಯೇ ಇರುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್‌ಗಳಲ್ಲಿ ಆ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ನಾನು ಕೆಲಸಕ್ಕೆ ಬಳಸುವ ಪುಟವಿನ್ಯಾಸ ತಂತ್ರಾಂಶವೊಂದರಲ್ಲಿ ಭಾರತೀಯ ಲಿಪಿಗಳ ಸಂಯೋಜನೆಯನ್ನು ಪ್ರತ್ಯೇಕವಾಗಿ ಆರಿಸಿಕೊಳ್ಳದಿದ್ದರೆ ಒತ್ತುಗಳು ಪಕ್ಕಕ್ಕೆ ಬಿದ್ದು ಸಾಲಿಡೀ ಚೆಲ್ಲಾಪಿಲ್ಲಿಯಾಗುತ್ತದೆ. ಅದಕ್ಕೆ ಫಾಂಟನ್ನು ದೂರಬೇಡಿ, ಆ ಆಯ್ಕೆಯನ್ನು ಹುಡುಕಿ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ದಪ್ಪ, ಅಗಲದ ಸ್ಲೈಡರ್‌ಗಳೂ ಒತ್ತಕ್ಷರಗಳೂ ನನಗೆ ಚೆನ್ನಾಗಿ ಕೆಲಸ ಮಾಡಿವೆ. ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಡಿ. ಅದಕ್ಕಿಂತ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತದೆ.

ಪರವಾನಗಿ ಉದಾರವಾದದ್ದು. ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿ ಪುಸ್ತಕ, ಫಲಕ, ಜಾಲತಾಣ, ಮಾರಾಟದ ವಸ್ತು ಯಾವುದಕ್ಕಾದರೂ ಬಳಸಬಹುದು. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೆ. ಸಣ್ಣ ಪ್ರಕಾಶಕರಿಗೆ ಇದು ದೊಡ್ಡ ಆಸರೆ.

ಇಷ್ಟು ಮೆಚ್ಚಿದರೂ ಕಾದಂಬರಿಯ ಒಳಪುಟಗಳಿಗೆ ನಾನು ಇದನ್ನು ಹಾಕುವುದಿಲ್ಲ. ಅನೇಕ್‌ನಲ್ಲಿ ಗೆರೆ ಬಹುಮಟ್ಟಿಗೆ ಒಂದೇ ದಪ್ಪದಲ್ಲಿ ಸಾಗುತ್ತದೆ. ಶೀರ್ಷಿಕೆಗೆ ಅದು ಬಲ. ಇನ್ನೂರು ಪುಟ ಓದುವ ಕಣ್ಣಿಗೆ ದಪ್ಪ ತೆಳುವಿನ ಏರಿಳಿತ ಬೇಕು, ಅಚ್ಚುಮೊಳೆಯ ಕಾಲದ ಪುಸ್ತಕಗಳನ್ನು ಓದಿ ಬೆಳೆದ ನಮ್ಮಂಥವರಿಗಂತೂ ಬೇಕೇ ಬೇಕು. ಒಳಪುಟಕ್ಕೆ ನಾನು ಆರಿಸುವುದು ನೋಟೋ ಸೆರಿಫ್ ಕನ್ನಡ ಅಥವಾ ಟೀರೋ ಕನ್ನಡ. ಟೀರೋ ಹುಟ್ಟಿದ್ದು, ಭಾರತದ ಪ್ರಾಚೀನ ಕೃತಿಗಳನ್ನು ಹೊರತರುವ 'ಮೂರ್ತಿ ಕ್ಲಾಸಿಕಲ್ ಲೈಬ್ರರಿ' ಮಾಲೆಯ ಪುಸ್ತಕಗಳಿಗಾಗಿ ಸಿದ್ಧಪಡಿಸಿದ ಅಕ್ಷರಗಳಿಂದ. ಹಳಗನ್ನಡ ಪದ್ಯಗಳಿಗೆ ಅದರ ಗಾಂಭೀರ್ಯ ಒಪ್ಪುತ್ತದೆ. ಮಕ್ಕಳ ಪುಸ್ತಕದ ಶೀರ್ಷಿಕೆಗೆ ಏಕ್ ಟೈಪ್‌ನವರದೇ ಬಲೂ ತಮ್ಮ ಇದೆ, ಅದರ ದುಂಡು ನಗುಮುಖಕ್ಕೆ ಅನೇಕ್ ಸಾಟಿಯಲ್ಲ.

ನನ್ನ ಆಸೆ ಇನ್ನೊಂದಿದೆ. ಕೆಲವು ಇಂಗ್ಲಿಷ್ ವೇರಿಯಬಲ್ ಫಾಂಟ್‌ಗಳಲ್ಲಿ ದಪ್ಪ, ಅಗಲಗಳ ಜೊತೆಗೆ ಗಾತ್ರಕ್ಕೆ ತಕ್ಕಂತೆ ರೂಪ ಬದಲಿಸುವ ಮೂರನೆಯ ಸ್ಲೈಡರ್ ಇರುತ್ತದೆ. ಚಿಕ್ಕದಾಗಿ ಅಚ್ಚಾಗುವಾಗ ಅಕ್ಷರದ ಒಳಬಯಲು ತಾನಾಗಿ ಹಿಗ್ಗುತ್ತದೆ, ದೊಡ್ಡದಾಗಿ ನಿಂತಾಗ ಗೆರೆಯ ನಯ ಹೆಚ್ಚುತ್ತದೆ. ಒತ್ತಕ್ಷರಗಳನ್ನು ಇಷ್ಟು ಚಿಕ್ಕದಾಗಿ ಬರೆಯುವ ನಮ್ಮ ಲಿಪಿಗೆ ಅದರ ಅಗತ್ಯ ಇಂಗ್ಲಿಷಿಗಿಂತ ಹೆಚ್ಚು. ಅಡಿಟಿಪ್ಪಣಿಯ ಗಾತ್ರದಲ್ಲಿಯೂ ಥ ಒತ್ತನ್ನು ಧ ಒತ್ತಿನಿಂದ ಬೇರೆಯಾಗಿ ತೋರಿಸಬಲ್ಲ ಅಂಥ ಕನ್ನಡ ಫಾಂಟನ್ನು ಯಾರಾದರೂ ಕೈಗೆತ್ತಿಕೊಂಡರೆ ನಾನು ಮುಂಗಡ ಹಣ ಕೊಟ್ಟು ಕಾಯಲು ಸಿದ್ಧ.