‘ಎರಡು ಮೊಲಕ್ಕೆ ಧಾರಾಳ’ ಅಂದ ಪಂಜರ

ಮೂರಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರ. ಈ ಅಳತೆಯ ಪಂಜರ ತೋರಿಸಿ ‘ಜೋಡಿ ಮೊಲಕ್ಕೆ ಸಾಕು’ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಅಲ್ಲೇ ಬಿಟ್ಟು ಬನ್ನಿ. ನಾವು ಅದನ್ನೇ ತಂದೆವು. ಮೂರು ತಿಂಗಳೂ ತುಂಬಿರಲಿಲ್ಲ, ಒಂದು ಮೊಲ ಮಗಳ ಮಡಿಲಲ್ಲಿ ಪ್ರಾಣ ಬಿಟ್ಟಿತು.

ನಮ್ಮ ಮನೆ ತುಮಕೂರಿನಲ್ಲಿ, ಕ್ಯಾತ್ಸಂದ್ರದ ಕಡೆ. ಹಿತ್ತಲಲ್ಲಿ ಒಂದು ಹೊಂಗೆ ಮರ, ಎರಡು ತೆಂಗು. ಕಳೆದ ವರ್ಷ ಸಂಕ್ರಾಂತಿ ಕಳೆದ ಮೇಲೆ ಎರಡು ಮರಿ ತಂದೆವು. ಬಿಳಿಯದಕ್ಕೆ ಬೆಣ್ಣೆ, ಕಂದು ಬಣ್ಣದ್ದಕ್ಕೆ ರಾಗಿ ಅಂತ ಮಗಳೇ ಹೆಸರಿಟ್ಟಳು. ಪಂಜರವನ್ನೂ ಅದೇ ಅಂಗಡಿಯಲ್ಲಿ ಕೊಂಡೆವು, 4,500 ರೂಪಾಯಿ. ಸುತ್ತ ತಂತಿ ಜಾಲರಿ, ಕಾಲ ಕೆಳಗೂ ಜಾಲರಿ, ಹಿಕ್ಕೆ ಬೀಳೋಕೆ ಅಡಿಗೊಂದು ತಗಡಿನ ತಟ್ಟೆ, ನೆತ್ತಿಗೆ ಜಿಂಕ್ ಶೀಟು.

“ಚಿಕ್ಕದಾಗಲ್ವಾ ಅಣ್ಣಾ?” ಅಂತ ಕೇಳಿದ್ದೆ.

“ಧಾರಾಳ ಆಯ್ತದೆ ಅಕ್ಕ. ಮೊಲ ಏನು ರೇಸು ಓಡ್ತದಾ? ತಿಂತದೆ, ಮಲಗ್ತದೆ, ಅಷ್ಟೇ. ನೀರು ಮಾತ್ರ ಇಡಬೇಡಿ, ಸತ್ತೋಗ್ತವೆ. ಸೊಪ್ಪಲ್ಲೇ ನೀರಿರ್ತದೆ.”

ನಂಬಿದೆ. ಅಂಗಡಿಯಲ್ಲಿ ಅಂಥದ್ದೇ ಪಂಜರದೊಳಗೆ ಆರು ಮರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ಅದನ್ನು ನೋಡಿ ಎರಡಕ್ಕೆ ಜಾಗ ಮಿಗುತ್ತದೆ ಅಂದುಕೊಂಡೆ. ಅವು ಬೆಳೆಯುತ್ತವೆ ಅನ್ನೋದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಫೆಬ್ರುವರಿ ಹೊತ್ತಿಗೇ ಸೂಚನೆಗಳು ಶುರುವಾಗಿದ್ದವು. ನಸುಕಿನಲ್ಲಿ ಹಿತ್ತಲಿಂದ ಕಟಕಟ ಸದ್ದು, ರಾಗಿ ತಂತಿ ಕಡಿಯುತ್ತಿತ್ತು. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ಅದಕ್ಕೇ ಕಡಿಯುತ್ತಿದೆ ಅಂತ ಸಮಾಧಾನ ಮಾಡಿಕೊಂಡೆವು. ಹಲ್ಲು ಸವೆಯೋದು ದಿನವಿಡೀ ಹುಲ್ಲು ಮೆಲ್ಲೋದರಿಂದ. ತಂತಿ ಕಡಿಯೋದು ಹೊರಗೆ ಬರಬೇಕು ಅಂತ. ಆಮೇಲೆ ತಟ್ಟೆಯಲ್ಲಿ ಬಿಳಿ ಕೂದಲ ಎಸಳುಗಳು ಕಾಣತೊಡಗಿದವು. ಒಟ್ಟಿಗೇ ಮಲಗುತ್ತಿದ್ದವು ಈಗ ಕಚ್ಚಾಡುತ್ತಿದ್ದವು. ಒಂದು ಇನ್ನೊಂದರಿಂದ ಎರಡು ಹೆಜ್ಜೆ ಆಚೆ ಹೋಗೋಣ ಅಂದರೂ ಅಲ್ಲಿ ಜಾಗ ಎಲ್ಲಿತ್ತು?

ಒಂದು ದಿನ ತಟ್ಟೆಯಲ್ಲಿ ರಕ್ತದ ಹನಿ. ಬೆಣ್ಣೆಯನ್ನು ಎತ್ತಿ ಅಂಗಾತ ಮಾಡಿ ನೋಡಿದರೆ ಹಿಂಗಾಲಿನ ಹಿಮ್ಮಡಿಯಲ್ಲಿ ಕೂದಲೆಲ್ಲ ಹೋಗಿ, ಎಂಟಾಣೆ ಅಗಲದಷ್ಟು ಚರ್ಮ ಕೆಂಪಗೆ ಸುಲಿದಿತ್ತು. ನಾಯಿ, ಬೆಕ್ಕಿನ ಪಾದಕ್ಕಿರೋ ಮೆತ್ತೆ ಮೊಲಕ್ಕಿಲ್ಲ, ಬರೀ ದಟ್ಟ ಕೂದಲು. ತಂತಿಯ ಮೇಲೆ ಹಗಲೂ ರಾತ್ರಿ ಕೂತರೆ ಅದು ಸವೆದು ಹುಣ್ಣಾಗುತ್ತದೆ ಅಂತ ಪಶುವೈದ್ಯರು ಹೇಳಿ ಮುಲಾಮು ಕೊಟ್ಟರು. ರಟ್ಟು, ಅದರ ಮೇಲೆ ಗೋಣಿಚೀಲ ಹಾಸಿದೆವು. ಹುಣ್ಣು ಒಣಗಿತು. ಪಂಜರವನ್ನೇ ಬದಲಿಸಬೇಕು ಅಂತ ಆಗಲೂ ಹೊಳೆಯಲಿಲ್ಲ. ಇವತ್ತಿಗೂ ನನಗೆ ಹೆಚ್ಚು ನೋವು ಕೊಡೋದು ಆ ಎರಡು ತಿಂಗಳು.

ಏಪ್ರಿಲ್‌ನ ಒಂದು ಭಾನುವಾರ ಗುಬ್ಬಿಯಲ್ಲಿ ನೆಂಟರ ಮದುವೆ. ಬೆಳಿಗ್ಗೆ ಎಂಟಕ್ಕೆ ಪಂಜರವನ್ನು ಹೊಂಗೆಯ ನೆರಳಲ್ಲಿಟ್ಟು, ಕೊತ್ತಂಬರಿ ಸೊಪ್ಪು, ಗರಿಕೆ ಹಾಕಿ ಹೊರಟೆವು. ವಾಪಸ್ ಬಂದಾಗ ಮಧ್ಯಾಹ್ನ ಮೂರೂವರೆ. ನೆರಳು ಕಾಂಪೌಂಡಿನ ಆಚೆ ಮಗ್ಗುಲಿಗೆ ಸರಿದಿತ್ತು. ಪಂಜರ ಪೂರ್ತಿ ಬಿಸಿಲಲ್ಲಿ. ಶೀಟು ಮುಟ್ಟಿದ ಕೈ ಸರಕ್ಕನೆ ಹಿಂದಕ್ಕೆ ಬಂತು.

ಬೆಣ್ಣೆ ಮಗ್ಗುಲಾಗಿ ಬಿದ್ದಿತ್ತು. ಬಾಯಿ ತೆರೆದಿತ್ತು. ಗದ್ದ, ಮುಂಗಾಲು ಜೊಲ್ಲಿಗೆ ತೊಯ್ದು ಹೋಗಿದ್ದವು. ಕಿವಿಯೊಳಗಿನ ನರಗಳು ಕೆಂಪು ದಾರದ ಹಾಗೆ ಎದ್ದು ಕಾಣುತ್ತಿದ್ದವು. ನಾನು ಓಡಿಹೋಗಿ ಫ್ರಿಜ್ಜಿನ ನೀರು ತಂದು ಮೈಮೇಲೆ ಸುರಿದೆ. ಅದೂ ತಪ್ಪು. ಐಸ್‌ನಂಥ ನೀರು ಒಮ್ಮೆಲೇ ಮೈಮೇಲೆ ಬಿದ್ದರೆ ಮೊಲದ ಜೀವ ಆಘಾತಕ್ಕೆ ತಡೆಯುವುದಿಲ್ಲ. ನೆರಳಿಗೆ ತಂದು, ಮಾಮೂಲಿ ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಕಿವಿಗಳನ್ನು ಒರೆಸುತ್ತ ತಕ್ಷಣ ವೈದ್ಯರ ಹತ್ತಿರ ಓಡಬೇಕು. ಆಟೋ ಬಟವಾಡಿ ದಾಟೋ ಹೊತ್ತಿಗೆ ಮಗಳು, “ಅಮ್ಮಾ, ಬೆಣ್ಣೆ ಉಸಿರಾಡ್ತಿಲ್ಲ” ಅಂದಳು.

ಮೊಲ ಬೆವರುವುದಿಲ್ಲ. ನಾಯಿಯ ಹಾಗೆ ನಾಲಿಗೆ ಚಾಚಿ ತೇಕಿ ಮೈ ತಣಿಸಿಕೊಳ್ಳೋದೂ ಅದಕ್ಕೆ ಬಾರದು. ಮೈಯ ಶಾಖ ಮುಖ್ಯವಾಗಿ ಕಿವಿಗಳ ಮೂಲಕವೇ ಹೊರಹೋಗಬೇಕು. ಹೊರಗಿನ ಬಿಸಿ 30 ಡಿಗ್ರಿ ಮುಟ್ಟಿದರೇ ಅದಕ್ಕೆ ಕಷ್ಟ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 35 ದಾಟುತ್ತದೆ. ನೀರಂತೂ ಸದಾ ಇರಲೇಬೇಕು. ಮೊಲ ನೀರು ಕುಡಿದರೆ ಸಾಯುತ್ತದೆ ಅನ್ನೋದು ಶುದ್ಧ ಸುಳ್ಳು, ಆ ಸುಳ್ಳನ್ನು ನಾನು ಮೂರು ತಿಂಗಳು ಪಾಲಿಸಿದೆ. ಆದರೆ ನೀರಿಟ್ಟಿದ್ದರೂ ಆ ಪಂಜರದಲ್ಲಿ ಬೆಣ್ಣೆ ಉಳಿಯುತ್ತಿತ್ತು ಅಂತ ನನಗೆ ಅನ್ನಿಸೋದಿಲ್ಲ. ನೆರಳು ಐದಡಿ ದೂರದಲ್ಲೇ ಇತ್ತು. ಹೋಗೋಕೆ ದಾರಿ ಇರಲಿಲ್ಲ.

ರಾಗಿ ಬದುಕಿತು, ಆದರೆ ಅವತ್ತು ಸಂಜೆಯಿಂದ ಏನೂ ಮುಟ್ಟಲಿಲ್ಲ, ಹಿಕ್ಕೆಯೂ ಹಾಕಲಿಲ್ಲ. ಮೊಲ ಅರ್ಧ ದಿನ ತಿನ್ನದೇ ಇದ್ದರೆ ಕರುಳು ನಿಂತುಹೋಗೋ ಅಪಾಯ, ‘ನಾಳೆ ನೋಡೋಣ’ ಅನ್ನೋ ಹಾಗಿಲ್ಲ. ಮೂರು ದಿನ ಸಿರಿಂಜಿನಲ್ಲಿ ಆಹಾರ ಕುಡಿಸಿ, ಔಷಧಿ ಹಾಕಿ ಉಳಿಸಿಕೊಂಡೆವು.

ಆಮೇಲೆ ಅದನ್ನು ಪಂಜರಕ್ಕೆ ಹಾಕೋ ಮನಸ್ಸಾಗದೆ ಹಾಲ್‌ನಲ್ಲೇ ಬಿಟ್ಟಿದ್ದೆ. ಒಂದು ಸಂಜೆ ಅದು ಕುರ್ಚಿಯ ಪಕ್ಕ ಹಿಂಗಾಲ ಮೇಲೆ ನೆಟ್ಟಗೆ ನಿಂತು ಬಾಗಿಲ ಕಡೆ ನೋಡಿತು. ಮಗಳ ಹೊಲಿಗೆ ಪೆಟ್ಟಿಗೆಯಿಂದ ಟೇಪು ತಂದು ಕುರ್ಚಿಗೆ ಹಿಡಿದು ಅಳೆದೆ. ಕಿವಿಯ ತುದಿಯವರೆಗೆ ಎರಡಡಿ. ಪಂಜರದ ಎತ್ತರ ಒಂದೂವರೆ. ಅಷ್ಟು ದಿನದಲ್ಲಿ ಆ ಮೊಲ ಒಂದು ಸಲವೂ ಎದ್ದು ನಿಂತಿದ್ದನ್ನು ನಾವು ನೋಡೇ ಇರಲಿಲ್ಲ. ಮೂರು ಕುಪ್ಪಳಿಕೆಗೆ ಎಷ್ಟು ದೂರ ಹೋಗುತ್ತದೆ ಅಂತಲೂ ಅಳೆದೆ, ಆರಡಿ.

ಬ್ರಿಟನ್ನಿನ ರ‍್ಯಾಬಿಟ್ ವೆಲ್‌ಫೇರ್ ಅಸೋಸಿಯೇಷನ್ ಅಂಡ್ ಫಂಡ್ ಅನ್ನೋ ಸಂಸ್ಥೆ ಒಂದು ಜೋಡಿಗೆ ಕನಿಷ್ಠ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದು ಮೀಟರ್ ಎತ್ತರ ಇರಲಿ ಅನ್ನುತ್ತದೆ. ಅದೂ ದಿನಕ್ಕೊಂದು ಗಂಟೆ ಬಿಡೋ ಜಾಗ ಅಲ್ಲ, ಇಪ್ಪತ್ನಾಲ್ಕು ಗಂಟೆಯೂ ಅವುಗಳ ಪಾಲಿಗೆ ಇರೋ ಜಾಗ. ನಮ್ಮ ಲೆಕ್ಕದಲ್ಲಿ ಸುಮಾರು 65 ಚದರಡಿ. ನಾವು ಕೊಟ್ಟಿದ್ದು ಆರು.

ಅದೇ ಅಳತೆ ಇಟ್ಟುಕೊಂಡು ಹಿತ್ತಲಲ್ಲಿ ದೊಡ್ಡಿ ಕಟ್ಟಿಸಿದೆವು. ನಾನು ಒಳಗೆ ಹೋಗಿ ಗುಡಿಸೋಕಾಗಲಿ ಅಂತ ಎತ್ತರ ಮಾತ್ರ ಆರಡಿ ಮಾಡಿಸಿದೆ. ವೆಲ್ಡಿಂಗ್‌ನವರು ಕೋಳಿ ಜಾಲರಿ ಸಾಕು, ಖರ್ಚು ಅರ್ಧಕ್ಕರ್ಧ ಉಳಿಯುತ್ತದೆ ಅಂದರು. ಬೇಡವೇ ಬೇಡ. ಆ ತೆಳು ತಂತಿಯನ್ನು ಬೀದಿನಾಯಿ ಹಲ್ಲಿನಲ್ಲಿ ಹರಿದು ಹಾಕುತ್ತದೆ, ಮೊಲವೇ ಕಡಿದು ತೂತು ಮಾಡುತ್ತದೆ. ಅರ್ಧ ಇಂಚು ಕಿಂಡಿಯ ದಪ್ಪ ವೆಲ್ಡ್ ಮೆಷ್ ಹಾಕಿಸಿ. ನಮ್ಮ ಕಡೆ ಮುಂಗುಸಿ, ಹೆಗ್ಗಣ, ಹಾವು ಎಲ್ಲ ಉಂಟು. ನೆಲದಡಿ ಒಂದಡಿ ಆಳದಲ್ಲೂ ಅದೇ ಜಾಲರಿ ಹಾಸಿ ಮೇಲೆ ಮಣ್ಣು ತುಂಬಿಸಿದೆ. ರಾಗಿಗೆ ಕೆದಕೋಕೆ ಮಣ್ಣು ಸಿಗುತ್ತದೆ, ಹೊರಗಿಂದ ಯಾವುದೂ ಕೊರೆದು ಬರುವ ಹಾಗಿಲ್ಲ. ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ. ಚಾವಣಿಗೆ ಶೀಟು ಬೇಡ ಅಂತ ಹಠ ಮಾಡಿದೆ, ಮಳೆಗೆ ಬೇಕೇ ಬೇಕು ಅಂದರು. ಕೊನೆಗೆ ಶೀಟಿನ ಮೇಲೆ ಗೇಣು ಸಂದು ಬಿಟ್ಟು ತೆಂಗಿನ ಗರಿಯ ಚಪ್ಪರ ಹಾಕಿಸಿದೆವು. ಗರಿಗೆ ತುಮಕೂರಲ್ಲಿ ಬರವೇ? ಅಡಗಿಕೊಳ್ಳೋಕೆ ಎರಡು ಮರದ ಪೆಟ್ಟಿಗೆ, ಒಂದೊಂದಕ್ಕೂ ಎರಡೆರಡು ಬಾಗಿಲು. ಒಂದೇ ಬಾಗಿಲಿದ್ದರೆ ಜಗಳದಲ್ಲಿ ಸೋತದ್ದು ಒಳಗೇ ಸಿಕ್ಕಿಬೀಳುತ್ತದೆ. ಎಲ್ಲ ಸೇರಿ 16,000 ರೂಪಾಯಿ ಆಯಿತು.

ಮೊಲ ಒಂಟಿಯಾಗಿ ಬಾಳೋ ಪ್ರಾಣಿಯಲ್ಲ. ಹಾಗಂತ ಆತುರಕ್ಕೆ ಇನ್ನೊಂದು ತರಲಿಲ್ಲ. ಅಂಗಡಿಯವರು ಎರಡೂ ಹೆಣ್ಣು ಅಂದಿದ್ದರು, ವೈದ್ಯರು ನೋಡಿದರೆ ರಾಗಿ ಗಂಡು. ಹೆಣ್ಣು ಮೊಲ ಸುಮಾರು 31 ದಿನಕ್ಕೆ ಮರಿ ಹಾಕಿ ಅದೇ ದಿನ ಮತ್ತೆ ಗಬ್ಬವಾಗಬಲ್ಲದು. ಹಾಗಾದರೆ ಎಷ್ಟು ದೊಡ್ಡ ದೊಡ್ಡಿಯೂ ಸಾಲದು. ರಾಗಿಗೆ ಬೆಂಗಳೂರಿನಲ್ಲಿ ಬೀಜ ತೆಗೆಸಿ, ಆರು ವಾರ ಕಾದು, ಪರಿಚಯದವರ ಮನೆಯಲ್ಲಿ ಬೇಡವಾಗಿದ್ದ ಒಂದು ಹೆಣ್ಣು ಮೊಲವನ್ನು ತಂದು ನಿಧಾನಕ್ಕೆ ಒಗ್ಗಿಸಿದೆವು.

ಮೊನ್ನೆ ಪಕ್ಕದ ಬೀದಿಯವರೊಬ್ಬರು ಗೇಟಿನ ಹತ್ತಿರ ನಿಂತು, “ಹಳೇ ಪಂಜರ ಸುಮ್ನೆ ಬಿದ್ದೈತಲ್ಲ, ಕೊಟ್ಟುಬಿಡ್ರಿ, ನಮ್ಮ ಹುಡುಗನೂ ಎರಡು ಮೊಲ ಬೇಕು ಅಂತಾವ್ನೆ. ಅರ್ಧ ರೇಟು ಕೊಡ್ತೀನಿ” ಅಂದರು. ಒಳಗೆ ಕರೆದು ದೊಡ್ಡಿ ತೋರಿಸಿದೆ, ಟೇಪು ಕೈಗೆ ಕೊಟ್ಟು ಅಳೆದುಕೊಳ್ಳಿ ಅಂದೆ. ಪಂಜರವನ್ನು ಮಾರನೇ ದಿನ ಗುಜರಿಯವರಿಗೆ ತೂಕಕ್ಕೆ ಹಾಕಿದೆ, ನನ್ನ ಕಣ್ಣೆದುರೇ ಸುತ್ತಿಗೆಯಲ್ಲಿ ಮಡಿಸಿಸಿ.