ಕೆಚ್ಚಲು ಬಾವಿಗೆ ಮೆಲೊಕ್ಸಿಕ್ಯಾಮೋ, ಫ್ಲೂನಿಕ್ಸಿನೋ?

ಉಡುಪಿಯ ಮಳೆಗಾಲದಲ್ಲಿ ಹಟ್ಟಿಯ ನೆಲ ಒಣಗುವುದೇ ಅಪರೂಪವಾದ್ದರಿಂದ ಕರೆಯುವ ಹಸುಗಳಿಗೆ ಕೆಚ್ಚಲು ಬಾವು ಬರುವ ಸಂಭವ ಹೆಚ್ಚು. ಆಂಟಿಬಯಾಟಿಕ್ ಜೊತೆಗೆ ಉರಿಯೂತ ತಗ್ಗಿಸುವ ಚುಚ್ಚುಮದ್ದು ಬೇಕೆಂದಾಗ ಹೈನುಗಾರರು ಸಾಮಾನ್ಯವಾಗಿ ಕೇಳುವ ಹೆಸರುಗಳು ಇವೆರಡು. ನೋವು, ಜ್ವರ, ಊತಗಳಿಗೆ ಕಾರಣವಾಗುವ ಪ್ರೋಸ್ಟಗ್ಲಾಂಡಿನ್‌ಗಳ ಉತ್ಪತ್ತಿಯನ್ನು ಎರಡೂ ತಡೆಯುತ್ತವೆ.

ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಸೋಂಕಿನ ವಿಷ ರಕ್ತಕ್ಕೆ ಸೇರಿ ಹಸು ತೀವ್ರ ಜ್ವರದಿಂದ ಮಲಗಿಬಿಟ್ಟಿದ್ದರೆ, ಕಿಲೋ ದೇಹತೂಕಕ್ಕೆ 2.2 ಮಿಲಿಗ್ರಾಂನಂತೆ ರಕ್ತನಾಳಕ್ಕೆ ಕೊಡುವ ಫ್ಲೂನಿಕ್ಸಿನ್ ಬೇಗನೆ ಫಲ ನೀಡುತ್ತದೆ. ಆದರೆ ಅದನ್ನು ಸ್ನಾಯುವಿಗೆ ಚುಚ್ಚಿದರೆ ಅಲ್ಲಿನ ಅಂಗಾಂಶಕ್ಕೆ ಹಾನಿಯಾಗುತ್ತದೆ. ಮೆಲೊಕ್ಸಿಕ್ಯಾಮ್ ಆದರೆ ಕಿಲೋ ದೇಹತೂಕಕ್ಕೆ 0.5 ಮಿಲಿಗ್ರಾಂ ಸಾಕು. ಅದು ಹಸುವಿನ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಪದೇ ಪದೇ ಚುಚ್ಚಬೇಕಾಗಿಲ್ಲ, ಹೊಟ್ಟೆಯ ಒಳಪದರಕ್ಕೂ ಹೋಲಿಕೆಯಲ್ಲಿ ಸೌಮ್ಯ. ಸಾಧಾರಣ ಬಾವಿಗೂ ಕಾಲುನೋವಿಗೂ ನಾನು ಇದನ್ನೇ ಮೇಲೆಂದು ಭಾವಿಸುತ್ತೇನೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಇದೇ ಬಗೆಯ ಕೆಲವು ಮದ್ದುಗಳ ಅಂಶ ಉಳಿದಿದ್ದ ಸತ್ತ ದನಗಳ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದುದರಿಂದ ಭಾರತ 2006ರಲ್ಲಿ ಪಶುಗಳಿಗೆ ಡೈಕ್ಲೋಫೆನಾಕ್ ಬಳಕೆಯನ್ನು, 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗಳನ್ನು ನಿಷೇಧಿಸಿತು. ಮೆಲೊಕ್ಸಿಕ್ಯಾಮ್ ಆ ಹಕ್ಕಿಗಳಿಗೆ ಸುರಕ್ಷಿತವೆಂದು ಸಾಬೀತಾಗಿದೆ. ಫ್ಲೂನಿಕ್ಸಿನ್ ಬಗ್ಗೆ ಹಾಗೆ ಹೇಳಲಾಗದು.

ಅಗ್ಗವೆಂದು ಡೆಕ್ಸಾಮೆಥಾಸೋನ್ ಕೇಳುವವರಿದ್ದಾರೆ. ಅದು ಸ್ಟೀರಾಯ್ಡ್, ತುಂಬು ಗಬ್ಬದ ಹಸುವಿಗೆ ಕೊಟ್ಟರೆ ಕರು ಅಕಾಲದಲ್ಲಿ ಬೀಳಬಹುದು. ಯಾವ ಮದ್ದಾದರೂ ಪಶುವೈದ್ಯರೇ ನಿರ್ಧರಿಸಲಿ, ಲೇಬಲ್‌ನಲ್ಲಿ ಸೂಚಿಸಿದ ಅವಧಿ ಮುಗಿಯುವವರೆಗೆ ಆ ಹಸುವಿನ ಹಾಲನ್ನು ಸೊಸೈಟಿಗೆ ಹಾಕಬಾರದು.